ಡಾಂಗಲ್ ಯಾರ ಡ್ರಾಯರಿನಲ್ಲಿದೆ?

ಕುಂಬಾರಕೊಪ್ಪಲಿನ ಕಡೆ ಈಚೆಗೆ ಯಾವ ಜೆರಾಕ್ಸ್ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ.

"ಅಣ್ಣಾ, ಇದ್ರಲ್ಲಿ ಸಹಿ ಜಾಗ್ದಲ್ಲಿ ಪ್ರಶ್ನೆ ಗುರುತು ಬಂದದೆ. ಬ್ಯಾಂಕ್ನೋರು ಇದಾಗಲ್ಲ, ಹಸಿರು ಟಿಕ್ ಇರೋದು ತನ್ನಿ ಅಂತವ್ರೆ."

"ಕೂತ್ಕಳಿ ಅಕ್ಕ, ಎರಡೇ ನಿಮ್ಷ. ಟಿಕ್ ಬರಿಸ್ಕೊಡ್ತೀನಿ."

ಅಕ್ಕನ ಕೈಯಲ್ಲಿರುವುದು ಇ-ಖಾತೆಯ ಪ್ರತಿ, ಕೆಲವೊಮ್ಮೆ ಇ-ಆಧಾರ್. 2024ರ ಅಕ್ಟೋಬರಿನಿಂದ ಇ-ಖಾತೆ ಇಲ್ಲದೆ ಆಸ್ತಿ ನೋಂದಣಿ ಇಲ್ಲ ಎಂದಾದ ಮೇಲೆ, ಒಂದು ಕಾಲಕ್ಕೆ ಊರ ಹೊರಗಿದ್ದು ಈಗ ನಗರದ ಹೊಟ್ಟೆಯೊಳಗೆ ಸೇರಿಹೋದ ಮೈಸೂರಿನ ಕೊಪ್ಪಲುಗಳೆಲ್ಲ ಕಾಗದದ ಕಟ್ಟು ಹಿಡಿದು ಪಾಲಿಕೆಯ ವಲಯ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದಿವೆ. ಅಲೆದಾಡಿ ಕೊನೆಗೆ ಸಿಕ್ಕ ಕಾಗದದಲ್ಲಿ ಹಸಿರು ಇಂಕಿನ ಸಹಿಯೂ ಇಲ್ಲ, ಗುಂಡನೆಯ ಸೀಲೂ ಇಲ್ಲ. ಅಧಿಕಾರಿಯ ಹೆಸರು, ತಾರೀಕು, ಗಂಟೆ ನಿಮಿಷ, ಅದರ ಮೇಲೆ ಹಳದಿ ಬಣ್ಣದ ಪ್ರಶ್ನೆ ಗುರುತು. ಪಕ್ಕದಲ್ಲಿ 'ಸಿಗ್ನೇಚರ್ ನಾಟ್ ವೆರಿಫೈಡ್' ಎಂಬ ಸಾಲು. ಅದನ್ನು ಓದಿದ ಯಾರಿಗೇ ಆದರೂ ಎದೆ ಧಸಕ್ಕೆನ್ನುವುದು ಸಹಜ.

ಅಂಗಡಿಯ ಹುಡುಗ ಕಡತವನ್ನು ಕಂಪ್ಯೂಟರಿನಲ್ಲಿ ತೆರೆಯುತ್ತಾನೆ. ಪ್ರಶ್ನೆ ಗುರುತಿನ ಮೇಲೆ ಮೌಸಿನ ಬಲ ಗುಂಡಿ ಒತ್ತಿ, 'ವ್ಯಾಲಿಡೇಟ್ ಸಿಗ್ನೇಚರ್' ಎಂಬಲ್ಲಿಗೆ ಹೋಗಿ, ಅಲ್ಲಿಂದ ಸಹಿದಾರರ ಸರ್ಟಿಫಿಕೇಟ್ ತೆರೆದು, 'ಟ್ರಸ್ಟ್' ಎಂಬ ಕಡೆ 'ನಂಬಿಕಸ್ಥರ ಪಟ್ಟಿಗೆ ಸೇರಿಸು' ಎಂದು ಹೇಳಿ, ಎರಡು ಸಲ ಓಕೆ ಒತ್ತುತ್ತಾನೆ. ಹಳದಿ ಹೋಗಿ ಹಸಿರು ಬರುತ್ತದೆ. ಪ್ರಿಂಟ್ ತೆಗೆದು ಕೊಡುತ್ತಾನೆ. ಬ್ಯಾಂಕಿಗೂ ಸಮಾಧಾನ, ಅಕ್ಕನಿಗೂ ಸಮಾಧಾನ.

ಅಲ್ಲಿ ನಡೆದದ್ದೇನೆಂದು ಬಿಡಿಸಿ ನೋಡಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. "ಈ ಸಹಿ ಹಾಕಿದವರು ಯಾರೋ ನನಗೆ ಪರಿಚಯವಿಲ್ಲ" ಎಂದು ಕಂಪ್ಯೂಟರ್ ಪ್ರಾಮಾಣಿಕವಾಗಿ ಹೇಳಿತ್ತು. "ನನಗೆ ಗೊತ್ತಿರೋರೇ, ನಂಬು" ಎಂದು ಹುಡುಗ ಅದಕ್ಕೆ ಹೇಳಿದ. ಅವನಿಗೂ ಗೊತ್ತಿಲ್ಲ, ಆ ಮಾತು ಬೇರೆ. ಆಮೇಲೆ ಆ ಹಸಿರು ಟಿಕ್ಕನ್ನು ಕಾಗದಕ್ಕೆ ಇಳಿಸಿದ. ಕಾಗದಕ್ಕೆ ಇಳಿದ ಕೂಡಲೇ ಅದು ಬರೀ ಶಾಯಿ. ಫೋಟೊ ತಿದ್ದಲು ಬರುವ ಯಾರು ಬೇಕಾದರೂ ಅಂಥದ್ದೊಂದು ಟಿಕ್ ಬರೆಯಬಹುದು. ಎಲೆಕ್ಟ್ರಾನಿಕ್ ಸಹಿ ಇರುವುದು ಕಡತದೊಳಗೆ. ಪ್ರಿಂಟಿನಲ್ಲಿ ಇರುವುದು ಅದರ ಚಿತ್ರ ಮಾತ್ರ. ಬ್ಯಾಂಕು ಕೇಳಬೇಕಾಗಿದ್ದು ಮೂಲ ಪಿಡಿಎಫ್ ಕಡತವನ್ನು. ಕೇಳಿದ್ದು ಬಣ್ಣವನ್ನು.

ಹಾಗಂತ 'ಹಳೇ ಸಹಿ ಸೀಲೇ ವಾಸಿಯಾಗಿತ್ತು' ಎನ್ನುವವರ ಜೊತೆಗೂ ನಾನಿಲ್ಲ. ಕಾಗದವನ್ನು ನಂಬಿ ಈ ರಾಜ್ಯ ಪಟ್ಟ ಪಾಡು ಕಡಿಮೆಯದಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರದ ಅಬ್ದುಲ್ ಕರೀಂ ತೆಲಗಿ ಛಾಪಾ ಕಾಗದವನ್ನೇ ಖೋಟಾ ಮುದ್ರಿಸಿ ದೇಶದ ಉದ್ದಗಲಕ್ಕೂ ಮಾರಿದ. ಸರ್ಕಾರದ್ದು ಯಾವುದು, ಅವನದು ಯಾವುದು ಎಂದು ನೋಂದಣಿ ಕಚೇರಿಗಳಿಗೇ ಗುರುತು ಹತ್ತಲಿಲ್ಲ. ಅವನು 2001ರಲ್ಲಿ ಅಜ್ಮೇರದಲ್ಲಿ ಸಿಕ್ಕಿಬಿದ್ದ, ಶಿಕ್ಷೆಯಾಯಿತು, 2017ರಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸತ್ತ. 2008ರಲ್ಲಿ ಕರ್ನಾಟಕಕ್ಕೆ ಇ-ಸ್ಟಾಂಪ್ ಬಂತು. ಇ-ಸ್ಟಾಂಪ್ ಕಾಗದದ ಬೆಲೆ ಕಾಗದದಲ್ಲಿಲ್ಲ, 'ಐಎನ್-ಕೆಎ' ಎಂದು ಶುರುವಾಗುವ ಅದರ ನಂಬರಿನಲ್ಲಿದೆ. ಆ ನಂಬರನ್ನು ಮೂಲದಲ್ಲಿ ಹಾಕಿ ನೋಡಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ.

ಪಹಣಿಯದೂ ಅದೇ ಕಥೆ. ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿ ಒಂದು ಹೆಸರು ತಿದ್ದಲು ಒಂದು ಬ್ಲೇಡು, ಒಂದು ಪೆನ್ನು, ಮೇಲಿಷ್ಟು ದುಡ್ಡು ಸಾಕಿತ್ತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದ 'ಭೂಮಿ' ಯೋಜನೆ ಬಂದಾಗ, 15 ರೂಪಾಯಿಗೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲೇ ಪಹಣಿ ಸಿಗುವ ಹಾಗಾಯಿತು. ಕೈಬರಹದ ಪಹಣಿಗೆ ಬೆಲೆ ಇಲ್ಲವೆಂದು ಸರ್ಕಾರ ಸಾರಿತು. ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟು ಒಳಗೆ ಹೋಗಬೇಕಾಗಿದ್ದರಿಂದ, ತಿದ್ದಿದವರು ಯಾರು ಎಂಬುದಕ್ಕೆ ಗುರುತು ಉಳಿಯಿತು. 'ನಾನಲ್ಲ' ಎನ್ನುವುದು ಕಷ್ಟವಾಯಿತು. ಎಲೆಕ್ಟ್ರಾನಿಕ್ ಸಹಿಯ ಮುಖ್ಯ ಕೆಲಸವೂ ಇದೇ. ಇಂಥವರೇ ಹಾಕಿದ್ದು, ಹಾಕಿದ ಮೇಲೆ ಯಾರೂ ತಿದ್ದಿಲ್ಲ, ನಾಳೆ ಅವರು 'ನಾನು ಹಾಕಿಲ್ಲ' ಎನ್ನುವಂತಿಲ್ಲ.

ಅದು ಈ ಕೆಲಸ ಮಾಡುವ ರೀತಿ ಸೊಗಸಾಗಿದೆ. ಇ-ಖಾತೆಯ ಕಡತವನ್ನು ಒಂದು ಲೆಕ್ಕದೊಳಗೆ ಹಾಕಿದರೆ 64 ಅಕ್ಷರ-ಅಂಕಿಗಳ ಒಂದು ಸಾಲು ಹೊರಗೆ ಬರುತ್ತದೆ. ಇದನ್ನು ಹ್ಯಾಶ್ ಎನ್ನುತ್ತಾರೆ. ಕಡತ ಒಂದು ಪುಟದ್ದಿರಲಿ, ಸಾವಿರ ಪುಟದ್ದಿರಲಿ, ಸಾಲು ಅಷ್ಟೇ ಉದ್ದ. 30ಕ್ಕೆ 40ರ ಸೈಟನ್ನು ಯಾರೋ 30ಕ್ಕೆ 41 ಎಂದು ತಿದ್ದಿದರೆ ಸಾಲಿನಲ್ಲಿ ಒಂದಂಕಿ ಮಾತ್ರ ಬದಲಾಗುವುದಲ್ಲ, ಇಡೀ ಸಾಲೇ ಗುರುತು ಸಿಗದಷ್ಟು ಬದಲಾಗುತ್ತದೆ. ಸಹಿ ಹಾಕುವವರ ಬಳಿ ಜೋಡಿ ಕೀಗಳಿರುತ್ತವೆ. ಒಂದು ಗುಟ್ಟಿನದು, ಇನ್ನೊಂದು ಊರಿಗೆಲ್ಲ ಗೊತ್ತಿರುವುದು. ಗುಟ್ಟಿನ ಕೀಯಿಂದ ಆ ಹ್ಯಾಶನ್ನು ಮುದ್ರಿಸಿದರೆ ಅದೇ ಸಹಿ. ಊರಿಗೆ ಗೊತ್ತಿರುವ ಕೀ ಹಿಡಿದು ಯಾರು ಬೇಕಾದರೂ ಅದನ್ನು ಪರೀಕ್ಷಿಸಬಹುದು. ಆದರೆ ಆ ಕೀಯಿಂದ ಹೊಸ ಸಹಿ ಹುಟ್ಟಿಸಲು ಆಗುವುದಿಲ್ಲ. ಹಾಗಾಗಿ ಒಬ್ಬರ ಎಲೆಕ್ಟ್ರಾನಿಕ್ ಸಹಿ ಪ್ರತಿ ಕಡತಕ್ಕೂ ಬೇರೆಯೇ. ಒಂದು ಕಡತದಿಂದ ಕಿತ್ತು ಇನ್ನೊಂದಕ್ಕೆ ಅಂಟಿಸಿದರೆ ಸುಳ್ಳು ತಕ್ಷಣ ಹೊರಬೀಳುತ್ತದೆ. ಪೆನ್ನಿನ ಸಹಿಗೆ ಈ ಗುಣ ಎಂದೂ ಇರಲಿಲ್ಲ.

ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು 1977ರಲ್ಲಿ ಕಂಡುಕೊಂಡ ಗಣಿತ ಇವತ್ತಿಗೂ ಬಳಕೆಯಲ್ಲಿದೆ. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ, ಗುಣಲಬ್ಧವನ್ನು ಮತ್ತೆ ಒಡೆಯುವುದು ಕಷ್ಟ ಎಂಬುದೇ ಅದರ ಬುನಾದಿ. ಇಲ್ಲಿ ಬಳಸುವ ಸಂಖ್ಯೆ 617 ಅಂಕಿಗಳದು. 2020ರಲ್ಲಿ ಸಂಶೋಧಕರು ಲೆಕ್ಕವಿಲ್ಲದಷ್ಟು ಕಂಪ್ಯೂಟರುಗಳನ್ನು ದುಡಿಸಿ ಒಡೆದ ಸಂಖ್ಯೆ 250 ಅಂಕಿಗಳದು. ಕ್ವಾಂಟಂ ಕಂಪ್ಯೂಟರ್ ಬಂದರೆ ಈ ಲೆಕ್ಕ ತಲೆಕೆಳಗಾಗಬಹುದು. ಅದಕ್ಕೆಂದೇ ಅಮೆರಿಕದ ಮಾನಕ ಸಂಸ್ಥೆ 2024ರ ಆಗಸ್ಟಿನಲ್ಲಿ ಹೊಸ ಬಗೆಯ ಸಹಿ ಪದ್ಧತಿಗಳನ್ನು ಪ್ರಕಟಿಸಿದೆ. ಕುಂಬಾರಕೊಪ್ಪಲಿನ ಇ-ಖಾತೆಗೆ ಸದ್ಯಕ್ಕೆ ಆ ಭಯವಿಲ್ಲ.

ಭಯ ಇರುವುದು ಬೇರೆ ಕಡೆ. ಊರಿಗೆ ಗೊತ್ತಿರುವ ಕೀ ಇಂಥ ಅಧಿಕಾರಿಯದೇ ಎಂದು ನಮಗೆ ಹೇಳುವವರು ಯಾರು? ಅದಕ್ಕೊಂದು ಸರ್ಟಿಫಿಕೇಟ್ ಬೇಕು. 2000ದ ಅಕ್ಟೋಬರ್ 17ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಕಾಯ್ದೆ ಇದಕ್ಕೆ ಒಂದು ಏಣಿ ಕಟ್ಟಿತು. ಮೇಲ್ಗಡೆ ದೆಹಲಿಯ ಕಂಟ್ರೋಲರ್ ಆಫ್ ಸರ್ಟಿಫೈಯಿಂಗ್ ಅಥಾರಿಟೀಸ್ ಕಚೇರಿ. ಕೆಳಗೆ ಅದರಿಂದ ಲೈಸೆನ್ಸ್ ಪಡೆದ ಸಂಸ್ಥೆಗಳು. ಬೆಂಗಳೂರಿನ ಇ-ಮುದ್ರಾ, ಸಿ-ಡ್ಯಾಕ್ ಇವೆಲ್ಲ ಆ ಸಾಲಿನವು. ಅರ್ಜಿದಾರರ ಗುರುತು ನೋಡಿ ಸರ್ಟಿಫಿಕೇಟ್ ಕೊಡುವುದು ಇವರ ಕೆಲಸ. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಹಳದಿ ಗುರುತು ಬರಲು ಕಾರಣ, ಈ ಏಣಿಯ ತುದಿ ಆ ತಂತ್ರಾಂಶದ ನಂಬಿಕಸ್ಥರ ಪಟ್ಟಿಯಲ್ಲಿ ಇಲ್ಲದಿರುವುದು. ಸಹಿ ಸುಳ್ಳಾದರೆ ಬರುವುದು ಕೆಂಪು ಗುರುತು. ಹಳದಿ ಎಂದರೆ 'ತಿಳಿಯದು' ಎಂದಷ್ಟೇ.

ಇಲ್ಲಿ ಒಂದು ತಮಾಷೆಯ ಕಥೆ ಇದೆ. ಇ-ಆಧಾರ್ ಕಡತದ ಹಳದಿ ಗುರುತನ್ನು ಹಸಿರು ಮಾಡುವುದು ಹೇಗೆಂದು ಆಧಾರ್ ಪ್ರಾಧಿಕಾರವೇ ಜನರಿಗೆ ಹೇಳಿಕೊಡುತ್ತಿತ್ತು. ಸರ್ಟಿಫಿಕೇಟುಗಳ ಸಾಲಿನಲ್ಲಿ ನ್ಯಾಷನಲ್ ಇನ್‌ಫರ್ಮ್ಯಾಟಿಕ್ಸ್ ಸೆಂಟರ್, ಅಂದರೆ ಎನ್‌ಐಸಿಯ 2011ರ ಸರ್ಟಿಫಿಕೇಟನ್ನು ಆರಿಸಿ ನಂಬಿಕಸ್ಥರ ಪಟ್ಟಿಗೆ ಸೇರಿಸಿ ಎಂಬುದು ಸೂಚನೆ. ಸರ್ಕಾರದ ಕಂಪ್ಯೂಟರ್ ಕೆಲಸಗಳನ್ನೆಲ್ಲ ನೋಡುವ ಸಂಸ್ಥೆ ಅದು, ನಂಬದೆ ಇನ್ನೇನು? 2014ರ ಜುಲೈ 2ರಂದು ಗೂಗಲ್ ಸಂಸ್ಥೆಯ ಕಣ್ಣಿಗೆ ವಿಚಿತ್ರವೊಂದು ಬಿತ್ತು. ತನ್ನದೇ ಹೆಸರಿನ ವೆಬ್ ವಿಳಾಸಗಳಿಗೆ, ತಾನು ಕೇಳಿಯೇ ಇರದ ಸರ್ಟಿಫಿಕೇಟುಗಳನ್ನು ಯಾರೋ ಹೊರಡಿಸಿದ್ದರು. ಅವುಗಳ ಮೇಲಿದ್ದ ಮುದ್ರೆ ಎನ್‌ಐಸಿಯದು. ಅಂಥ ಸರ್ಟಿಫಿಕೇಟ್ ಹಿಡಿದವನು 'ನಾನೇ ಗೂಗಲ್' ಎಂದು ನಿಂತು ಜನರ ಮಿಂಚಂಚೆ ಓದಬಹುದಿತ್ತು. ಮರುದಿನವೇ ಕಂಟ್ರೋಲರ್ ಕಚೇರಿ ಎನ್‌ಐಸಿಯ ಸರ್ಟಿಫಿಕೇಟುಗಳನ್ನು ರದ್ದು ಮಾಡಿತು. ಸರ್ಟಿಫಿಕೇಟ್ ಹೊರಡಿಸುವ ಎನ್‌ಐಸಿಯ ವ್ಯವಸ್ಥೆಯೊಳಗೇ ಯಾರೋ ನುಗ್ಗಿದ್ದರು. ಅಂಥ ನಾಲ್ಕು ಸರ್ಟಿಫಿಕೇಟು ಸಿಕ್ಕಿವೆ ಎಂದು ಇಲ್ಲಿನವರು ಹೇಳಿದರೆ, ಇನ್ನೂ ಇವೆ ಎಂದು ಗೂಗಲ್ ಹೇಳಿತು. ಕೊನೆಗೆ ಗೂಗಲ್ ತನ್ನ ಬ್ರೌಸರಿನಲ್ಲಿ ಭಾರತದ ಏಣಿಗೇ ಬೇಲಿ ಹಾಕಿ, ಸರ್ಕಾರಿ ವಿಳಾಸಗಳಂಥ ಕೆಲವಕ್ಕಷ್ಟೇ ಅದನ್ನು ಒಪ್ಪಿಕೊಂಡಿತು.

ನಮ್ಮಲ್ಲಿ ಮಾತ್ರ ಹೀಗೆಂದುಕೊಳ್ಳಬೇಕಿಲ್ಲ. 2011ರಲ್ಲಿ ನೆದರ್ಲೆಂಡ್ಸಿನ ಡಿಜಿನೋಟಾರ್ ಎಂಬ ಇದೇ ಕಸುಬಿನ ಕಂಪನಿಗೆ ಕನ್ನ ಬಿದ್ದು 500ಕ್ಕೂ ಹೆಚ್ಚು ಖೋಟಾ ಸರ್ಟಿಫಿಕೇಟುಗಳು ಹೊರಬಿದ್ದವು. ಇರಾನಿನ ಜನರ ಮೇಲೆ ಕಣ್ಣಿಡಲು ಅವು ಬಳಕೆಯಾದವು. ಕಂಪನಿ ಅದೇ ವರ್ಷ ದಿವಾಳಿಯಾಯಿತು. ಎಲೆಕ್ಟ್ರಾನಿಕ್ ಸಹಿಗೆ ಲೋಕವೇ ಹೊಗಳುವ ಎಸ್ಟೋನಿಯಾದಲ್ಲಿ 2017ರಲ್ಲಿ ಗುರುತಿನ ಚೀಟಿಯ ಚಿಪ್ಪಿನಲ್ಲೇ ದೋಷ ಕಂಡುಬಂದು ಏಳೂವರೆ ಲಕ್ಷದಷ್ಟು ಚೀಟಿಗಳ ಸಹಿ ಶಕ್ತಿಯನ್ನು ಸರ್ಕಾರ ತಡೆಹಿಡಿಯಿತು. ಚಿಪ್ಪು ಗುಟ್ಟಿನ ಕೀ ಹುಟ್ಟಿಸುವಾಗ ಸಂಖ್ಯೆಗಳನ್ನು ಸಾಕಷ್ಟು ಯಾದೃಚ್ಛಿಕವಾಗಿ ಆರಿಸುತ್ತಿರಲಿಲ್ಲ. 2019ರಲ್ಲಿ ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದವರು ಪಿಡಿಎಫ್ ತೋರಿಸುವ 22 ತಂತ್ರಾಂಶಗಳನ್ನು ಪರೀಕ್ಷಿಸಿದಾಗ 21ರಲ್ಲಿ, ಕಡತವನ್ನು ತಿದ್ದಿದ ಮೇಲೂ 'ಸಹಿ ಸರಿಯಾಗಿದೆ' ಎನ್ನಿಸಲು ಸಾಧ್ಯವಾಯಿತು. ತಂತ್ರಾಂಶ ತಯಾರಕರು ಆಮೇಲೆ ಸರಿಪಡಿಸಿದರು. ಹಳೆಯ ತಂತ್ರಾಂಶವನ್ನೇ ಓಡಿಸುವ ಕಚೇರಿಗಳಲ್ಲಿ ಆ ಕಂಡಿ ಹಾಗೇ ಇರುತ್ತದೆ.

ಈ ಯಾವ ಪ್ರಸಂಗದಲ್ಲೂ 1977ರ ಗಣಿತ ಸೋಲಲಿಲ್ಲ ಎಂಬುದನ್ನು ಗಮನಿಸಬೇಕು. ಸೋತದ್ದು ಸರ್ಟಿಫಿಕೇಟ್ ಕೊಟ್ಟವರು, ಚಿಪ್ ಮಾಡಿದವರು, ತೆರೆದು ತೋರಿಸಿದವರು. ಎಲ್ಲಕ್ಕಿಂತ ಹೆಚ್ಚಾಗಿ, ದಿನಾಲೂ, ಸೋಲುತ್ತಿರುವವರು ಕೀ ಇಟ್ಟುಕೊಂಡವರು. ಅದನ್ನು ನೋಡಲು ಆಮ್‌ಸ್ಟರ್‌ಡ್ಯಾಮಿಗೆ ಹೋಗಬೇಕಾಗಿಲ್ಲ.

ಕುಂಬಾರಕೊಪ್ಪಲಿನ ಆಚೆಗೇ ಹೆಬ್ಬಾಳು ಕೈಗಾರಿಕಾ ಪ್ರದೇಶ. ಸಣ್ಣ ವರ್ಕ್‌ಶಾಪು, ಬಿಡಿಭಾಗ ಮಾಡುವ ಘಟಕ, ಪ್ಯಾಕಿಂಗ್ ಕಾರ್ಖಾನೆ. ಇವರಲ್ಲಿ ಕಂಪನಿ ನೋಂದಾಯಿಸಿಕೊಂಡವರಿಗೂ, ಸರ್ಕಾರಿ ಟೆಂಡರ್ ಹಾಕುವವರಿಗೂ ಡಿಎಸ್‌ಸಿ, ಅಂದರೆ ಡಿಜಿಟಲ್ ಸಿಗ್ನೇಚರ್ ಸರ್ಟಿಫಿಕೇಟ್ ಬೇಕು. ಪೆನ್‌ಡ್ರೈವಿನಂತೆ ಕಾಣುವ ಪುಟ್ಟ ಡಾಂಗಲ್ ಅದು. ಒಳಗಿನ ಚಿಪ್ಪಿನಲ್ಲಿ ಗುಟ್ಟಿನ ಕೀ ಇರುತ್ತದೆ. ಅದನ್ನು ಹೊರಗೆ ಕಾಪಿ ಮಾಡಲು ಬರದಂತೆ ಕಟ್ಟಿರುತ್ತಾರೆ. ಪಿನ್ ಗೊತ್ತಿಲ್ಲದೆ ಅದು ಬಾಯಿ ಬಿಡುವುದಿಲ್ಲ, ತಪ್ಪು ಪಿನ್ ಕೆಲವು ಸಲ ಹಾಕಿದರೆ ಬೀಗ ಬೀಳುತ್ತದೆ. ಇಷ್ಟೆಲ್ಲ ಕಟ್ಟುಮಸ್ತಾದ ಆ ವಸ್ತು ಮಾಲೀಕರ ಬಳಿ ಇರುತ್ತದೆಯೇ? ಕೇಳಿ ನೋಡಿ. "ಅದು ಆಡಿಟರ್ ಹತ್ರ ಇದೆ ಸಾರ್" ಎಂಬ ಉತ್ತರ ಬರದಿದ್ದರೆ ಹೇಳಿ. ಆಡಿಟರ್ ಕಚೇರಿಯ ಡ್ರಾಯರ್ ಎಳೆದರೆ ಹೆಸರು ಬರೆದ ಚೀಟಿ ಅಂಟಿಸಿದ ಡಾಂಗಲುಗಳು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿಟ್ಟಿರುತ್ತವೆ. ಪಿನ್ ಕೂಡ ಅದೇ ಚೀಟಿಯಲ್ಲಿರುವುದುಂಟು. ಮನೆಗೆ ಎಂಟು ಲಿವರಿನ ಬೀಗ ಹಾಕಿ ಕೀಲಿಕೈಯನ್ನು ಬಾಗಿಲ ಚಿಲಕಕ್ಕೇ ನೇತುಹಾಕಿದ ಹಾಗೆ.

ಆಡಿಟರುಗಳು ಕಳ್ಳರೆಂದು ನಾನು ಹೇಳುತ್ತಿಲ್ಲ. ಕೊನೆಯ ದಿನದ ರಾತ್ರಿ ಹನ್ನೊಂದಕ್ಕೆ ರಿಟರ್ನ್ ಹಾಕಲು ಕೂತವರು ಮಾಲೀಕರನ್ನು ಹುಡುಕಿಕೊಂಡು ಹೋಗಲಾರರು ಎಂಬುದೂ ನಿಜ. ಆದರೆ ಆ ಡಾಂಗಲ್ ರಿಟರ್ನಿಗೆ ಮಾತ್ರ ಎಂದು ಅದರ ಮೇಲೆ ಬರೆದಿಲ್ಲ. ಅದೇ ಡಾಂಗಲ್ಲಿನಿಂದ ನಿರ್ದೇಶಕರು ರಾಜೀನಾಮೆ ಕೊಟ್ಟರೆಂದು ಅರ್ಜಿ ಸಲ್ಲಿಸಬಹುದು, ಕಂಪನಿಯ ಆಸ್ತಿಯನ್ನು ಸಾಲಕ್ಕೆ ಒತ್ತೆ ಇಟ್ಟರೆಂದು ದಾಖಲಿಸಬಹುದು. ಆಫೀಸಿನ ಹುಡುಗ ಮುನಿಸಿಕೊಂಡು ಕೆಲಸ ಬಿಟ್ಟು ಹೋದ ದಿನ ಡ್ರಾಯರಿನಲ್ಲಿ ಎಷ್ಟು ಡಾಂಗಲ್ ಉಳಿದವು ಎಂದು ಯಾರು ಎಣಿಸುತ್ತಾರೆ?

ಪಂಚಾಯಿತಿಗಳದು ಇನ್ನೊಂದು ಅಧ್ಯಾಯ. ಹಣ ಬಿಡುಗಡೆಗೆ ಅಧ್ಯಕ್ಷರದೂ ಪಿಡಿಒ ಅವರದೂ ಎರಡು ಡಾಂಗಲ್ ಬೇಕು ಎಂಬ ನಿಯಮ ಜಾಣತನದ್ದು. ಒಬ್ಬರು ತಪ್ಪಿದರೆ ಇನ್ನೊಬ್ಬರು ತಡೆಯಲಿ ಎಂಬುದು ಅದರ ಉದ್ದೇಶ. ಎರಡೂ ಡಾಂಗಲ್ ಒಬ್ಬ ಕಂಪ್ಯೂಟರ್ ಆಪರೇಟರ್ ಮೇಜಿನ ಮೇಲಿದ್ದರೆ ಆ ನಿಯಮ ಇದ್ದೂ ಇಲ್ಲದ ಹಾಗೆ. ಅಧ್ಯಕ್ಷೆ ಮಹಿಳೆಯಾದ ಕಡೆ ಡಾಂಗಲ್ ಗಂಡನ ಜೇಬಿನಲ್ಲಿರುವುದನ್ನು ಹಳ್ಳಿಗಳ ಕಡೆ ಓಡಾಡುವವರು ಬಲ್ಲರು. ಚೆಕ್ಕಿಗೆ ಸಹಿ ಹಾಕಿಸಿಕೊಳ್ಳಲಾದರೂ ಅವರ ಮುಂದೆ ಪುಸ್ತಕ ಹಿಡಿಯಬೇಕಾಗಿತ್ತು. ಈಗ ಅದೂ ಬೇಕಿಲ್ಲ.

ಕಾನೂನು ಇದರಲ್ಲಿ ನಿಷ್ಠುರವಾಗಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಗುಟ್ಟಿನ ಕೀಯನ್ನು ಕಾಪಾಡಿಕೊಳ್ಳುವುದು ಅದರ ಒಡೆಯರ ಕರ್ತವ್ಯ. ಬೇರೆಯವರ ಸಹಿಯನ್ನೋ ಪಾಸ್‌ವರ್ಡನ್ನೋ ಮೋಸದಿಂದ ಬಳಸಿದವರಿಗೆ 66ಸಿ ಸೆಕ್ಷನ್ನಿನಲ್ಲಿ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಆದರೆ ತಾವೇ ಕರೆದು ಡಾಂಗಲ್ಲನ್ನೂ ಪಿನ್ನನ್ನೂ ಕೈಗಿತ್ತವರು ನ್ಯಾಯಾಲಯದಲ್ಲಿ ಮೋಸ ಎಂದು ತೋರಿಸುವುದು ಹೇಗೆ? ಲೈಸೆನ್ಸ್ ಇರುವ ಸಂಸ್ಥೆಯ ಸರ್ಟಿಫಿಕೇಟಿನಿಂದ ಬಿದ್ದ ಸುರಕ್ಷಿತ ಸಹಿಯನ್ನು ಒಡೆಯರೇ ಹಾಕಿದ್ದೆಂದು ನ್ಯಾಯಾಲಯ ಮೊದಲಿಗೆ ಭಾವಿಸಿಕೊಳ್ಳುತ್ತದೆ. ಅಲ್ಲ ಎಂದು ತೋರಿಸುವ ಭಾರ ನಿಮ್ಮದು.

ಡಾಂಗಲ್ ಬೇಡವೆನ್ನುವವರಿಗೆ 2015ರಿಂದ ಆಧಾರ್ ಇ-ಸೈನ್ ಇದೆ. ಬಾಡಿಗೆ ಕರಾರು, ಸಾಲದ ಅರ್ಜಿ, ಡಿಮ್ಯಾಟ್ ಖಾತೆ ಎಲ್ಲ ಈಗ ಇದರಲ್ಲೇ. ಒಟಿಪಿಯನ್ನೋ ಬೆರಳಚ್ಚನ್ನೋ ಕೊಟ್ಟರೆ ಆ ಕ್ಷಣಕ್ಕೆ ನಿಮ್ಮ ಹೆಸರಲ್ಲಿ ಹೊಸ ಕೀ ಜೋಡಿ ಹುಟ್ಟಿ, ಸಹಿ ಬಿದ್ದು, ಗುಟ್ಟಿನ ಕೀ ಅಳಿದುಹೋಗುತ್ತದೆ. ಸರ್ಟಿಫಿಕೇಟಿನ ಆಯಸ್ಸು ಅರ್ಧ ಗಂಟೆ. ಸಹಿ ಸೇವೆ ಕೊಡುವ ಸಂಸ್ಥೆಗೆ ನಿಮ್ಮ ಕಡತ ಹೋಗುವುದೂ ಇಲ್ಲ, ಅದರ ಹ್ಯಾಶ್ ಮಾತ್ರ ಹೋಗುತ್ತದೆ. ಡ್ರಾಯರಿನಲ್ಲಿ ಮರೆತುಬಿಡಲು ಏನೂ ಉಳಿಯುವುದಿಲ್ಲ. ಇದರ ಯೋಚನೆ ನನಗೆ ಬಹಳ ಹಿಡಿಸಿದೆ. ಹುಳುಕು ಇರುವುದು "ಒಟಿಪಿ ಹೇಳಿ ಅಕ್ಕ" ಎಂಬಲ್ಲಿ. ಪರದೆ ಅಂಗಡಿಯವನ ಕಡೆಗಿದೆ, ಫೋನು ಅಕ್ಕನ ಕೈಯಲ್ಲಿದೆ. ಆರು ಅಂಕಿ ಹೇಳಿದರು, ಸಹಿ ಬಿತ್ತು. ಯಾವ ಕಾಗದಕ್ಕೆ, ಎಷ್ಟು ಪುಟಕ್ಕೆ, ಯಾವ ಷರತ್ತಿಗೆ? ಓದದೆ ಹೆಬ್ಬೆಟ್ಟು ಒತ್ತಿದ ಕಾಲಕ್ಕೂ ಇದಕ್ಕೂ ಏನು ವ್ಯತ್ಯಾಸವೋ ನನಗಂತೂ ಕಾಣದು.

ಹೆಬ್ಬೆಟ್ಟಿನ ಮಾತು ಬಂತು. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ, ರಸ್ತೆಗೆ ಸಾಮಾನು ಒದಗಿಸುವ ಕರಾರಿನ ಮೇಲೆ ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರನ ಅಂಗೈಯನ್ನೇ ಶಾಯಿಯಲ್ಲಿ ಅದ್ದಿ ಒತ್ತಿಸಿಕೊಂಡ. ಆಮೇಲೆ ನಾನಲ್ಲ ಎನ್ನದಿರಲಿ ಎಂದು. ಬೆರಳಿಗೂ ಮೈಸೂರಿಗೂ ಬೇರೆಯೇ ನಂಟಿದೆ: 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಬೀಳುವ ಅಳಿಸದ ಶಾಯಿ ಇಲ್ಲಿನ ಬನ್ನಿಮಂಟಪದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್‌ನದು. ನೋಟು ಮುದ್ರಿಸುವ ರಿಸರ್ವ್ ಬ್ಯಾಂಕಿನ ಮುದ್ರಣಾಲಯವೂ ಕುಂಬಾರಕೊಪ್ಪಲಿನ ಪಕ್ಕದ ಮೇಟಗಳ್ಳಿಯ ಕಡೆಯೇ. ನಂಬಿಕೆಯನ್ನು ಕೈಯಲ್ಲಿ ಮುಟ್ಟುವ ವಸ್ತುವಾಗಿ ತಯಾರಿಸುವ ಊರು ಎಂದು ಮೈಸೂರನ್ನು ಕರೆದರೆ ತಪ್ಪಾಗದು.

ಆ ಬೆರಳೇ 2023ರಲ್ಲಿ ಕರ್ನಾಟಕದ ಜನರಿಗೆ ಕೈಕೊಟ್ಟಿತು. ಆಸ್ತಿ ನೋಂದಣಿ ಮಾಡಿಸಿಕೊಂಡು ಬಂದ ಕೆಲವರ ಬ್ಯಾಂಕ್ ಖಾತೆಯಿಂದ ಹಣ ಹೋಗತೊಡಗಿತು. ಒಟಿಪಿ ಬಂದಿಲ್ಲ, ಕಾರ್ಡು ಕಳೆದಿಲ್ಲ. ಪೊಲೀಸರಿಗೆ ಸಿಕ್ಕ ಜಾಡು ಹೀಗಿತ್ತು: ಕ್ರಯಪತ್ರದ ಮೇಲೆ ಬೆರಳ ಗುರುತೂ ಇರುತ್ತದೆ, ಆಧಾರ್ ಸಂಖ್ಯೆಯೂ ಇರುತ್ತದೆ. ಸ್ಕ್ಯಾನ್ ಆದ ಕ್ರಯಪತ್ರ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಇಳಿಸಿಕೊಳ್ಳಲು ಸಿಗುತ್ತಿತ್ತು. ಆ ಚಿತ್ರದಿಂದ ಅಂಟಿನ ಬೆರಳು ಮಾಡಿ, ಆಧಾರ್ ಆಧಾರಿತ ಪಾವತಿ ಯಂತ್ರಕ್ಕೆ ಒತ್ತಿದರೆ ದುಡ್ಡು. ಆ ಯಂತ್ರ ಕೇಳುವುದು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು ಇಷ್ಟನ್ನೇ. ನೋಂದಣಿ ಇಲಾಖೆ ಬೆರಳ ಗುರುತು ಕಾಣದಂತೆ ಮುಚ್ಚಬೇಕಾಯಿತು, ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಎಂದು ಪೊಲೀಸರು ಸಾರಬೇಕಾಯಿತು.

ಬೆರಳಚ್ಚನ್ನು ಸಹಿ ಎಂದು ಒಪ್ಪುವುದರಲ್ಲಿ ಇರುವ ತೊಡಕು ಇದು. ಅದು ಗುಟ್ಟಿನದಲ್ಲ, ಕುಡಿದ ಲೋಟದ ಮೇಲೂ ಬಿಟ್ಟು ಹೋಗುತ್ತೇವೆ. ಡಾಂಗಲ್ ಕಳೆದರೆ ಸರ್ಟಿಫಿಕೇಟ್ ರದ್ದು ಮಾಡಿಸಿ ಹೊಸದು ಪಡೆಯಬಹುದು. ಹೆಬ್ಬೆರಳನ್ನು ರದ್ದು ಮಾಡಿಸಿ ಹೊಸದು ಕೊಡುವ ಕಚೇರಿ ಎಲ್ಲೂ ಇಲ್ಲ. ಪಡಿತರ ಅಂಗಡಿಯಿಂದ ಸಿಮ್ ಅಂಗಡಿಯವರೆಗೆ ಎಲ್ಲರೂ 'ಥಂಬ್ ಕೊಡಿ' ಎನ್ನುವ ಕಾಲದಲ್ಲಿ ಈ ಲಾಕ್ ಸೌಲಭ್ಯ ಬಳಸದೆ ಇರುವುದು ಧೈರ್ಯವಲ್ಲ, ಅಸಡ್ಡೆ.

ಇನ್ನು, ಜನ ಸಾಮಾನ್ಯವಾಗಿ ಎಲೆಕ್ಟ್ರಾನಿಕ್ ಸಹಿ ಎಂದುಕೊಳ್ಳುವ ಒಂದು ವಸ್ತುವಿದೆ. ಬಿಳಿ ಹಾಳೆಯಲ್ಲಿ ಸಹಿ ಮಾಡಿ, ಮೊಬೈಲಿನಲ್ಲಿ ಫೋಟೊ ತೆಗೆದು, ವರ್ಡ್ ಕಡತಕ್ಕೆ ಅಂಟಿಸುವುದು. ಕೊರೊನಾ ಕಾಲದಲ್ಲಿ ಅನಿವಾರ್ಯವಾಗಿ ಶುರುವಾದದ್ದು ಈಗ ಅಭ್ಯಾಸವಾಗಿದೆ. ಅದರಲ್ಲಿ ಹ್ಯಾಶೂ ಇಲ್ಲ, ಕೀಯೂ ಇಲ್ಲ, ರಕ್ಷಣೆಯೂ ಇಲ್ಲ. ಒಮ್ಮೆ ನಿಮ್ಮ ಸಹಿಯ ಚಿತ್ರ ಸಿಕ್ಕವರು ಸಾವಿರ ಕಾಗದಕ್ಕೆ ಅಂಟಿಸಬಹುದು. ಇಬ್ಬರೂ ಒಪ್ಪಿಕೊಂಡು ನಡೆದ ವ್ಯವಹಾರವಾದರೆ ಕರಾರು ಬಿದ್ದುಹೋಗುವುದಿಲ್ಲ, ನಿಜ. ಕಾಯ್ದೆಯ 10ಎ ಸೆಕ್ಷನ್ ಎಲೆಕ್ಟ್ರಾನಿಕ್ ಕರಾರನ್ನು ಒಪ್ಪುತ್ತದೆ. ಜಗಳ ಬಂದಾಗ ಮಾತ್ರ ಆ ಚಿತ್ರ ಯಾವ ಸಾಕ್ಷಿಯನ್ನೂ ನುಡಿಯುವುದಿಲ್ಲ.

ಕೆಲವು ಕಾಗದಗಳಿಗೆ ಎಂಥ ಗಟ್ಟಿ ಎಲೆಕ್ಟ್ರಾನಿಕ್ ಸಹಿಯೂ ಸಲ್ಲದು. ಮುಖ್ಯವಾಗಿ ಉಯಿಲು. ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಅದನ್ನು ಹೊರಗಿಟ್ಟಿದ್ದಾರೆ. ಟ್ರಸ್ಟ್ ಪತ್ರವೂ ಹಾಗೆಯೇ. ಸ್ಥಿರಾಸ್ತಿ ಮಾರಾಟದ ಕರಾರು ಕೂಡ ಆ ಪಟ್ಟಿಯಲ್ಲಿತ್ತು, 2022ರಲ್ಲಿ ತೆಗೆದರು. ಆದ್ದರಿಂದ ಅಮೆರಿಕದಲ್ಲಿರುವ ಮಗ ಕಳಿಸಿದ ಲಿಂಕ್ ಒತ್ತಿ ಅಪ್ಪ ಉಯಿಲಿಗೆ ಸಹಿ ಹಾಕಿದರೆ ಅದು ಉಯಿಲಲ್ಲ. ಪೆನ್ನು, ಕಾಗದ, ಎದುರಿಗೆ ಇಬ್ಬರು ಸಾಕ್ಷಿಗಳು ಇವತ್ತಿಗೂ ಬೇಕು. 2024ರ ಜುಲೈ 1ರಂದು ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮ ಎಲೆಕ್ಟ್ರಾನಿಕ್ ದಾಖಲೆ ಹಾಜರುಪಡಿಸುವವರಿಂದ ಅದರ ಹ್ಯಾಶನ್ನೂ ಕೇಳುತ್ತದೆ. ಮೂಲ ಕಡತವನ್ನು ಅಳಿಸಿ ಪ್ರಿಂಟ್ ಮಾತ್ರ ಇಟ್ಟುಕೊಂಡವರಿಗೆ ಇಲ್ಲಿ ಪೇಚಾಟ.

ಹಾಗಾದರೆ ಹಳದಿ ಗುರುತಿಗೆ ಪರಿಹಾರವೇನು? ಒಂದು ದಾರಿಯನ್ನು ಕರ್ನಾಟಕ ಆಗಲೇ ಕಂಡುಕೊಂಡಿದೆ, ಅದರ ಹೆಚ್ಚುಗಾರಿಕೆ ನಮಗೇ ಹೊಳೆದಿಲ್ಲ. ನಾಡಕಚೇರಿಯಿಂದ ಬರುವ ಜಾತಿ, ಆದಾಯ ಪ್ರಮಾಣಪತ್ರಗಳಲ್ಲಿ ಆರ್‌ಡಿ ಸಂಖ್ಯೆ ಇರುತ್ತದೆ. ಸಿಇಟಿ ಅರ್ಜಿ ತುಂಬುವಾಗ ಪರೀಕ್ಷಾ ಪ್ರಾಧಿಕಾರ ಆ ಸಂಖ್ಯೆಯನ್ನು ಕೇಳಿ ಮೂಲ ದಾಖಲೆಯೊಂದಿಗೆ ತಾಳೆ ನೋಡುತ್ತದೆ. ಮಗುವಿನ ಕೈಯಲ್ಲಿರುವ ಕಾಗದದ ಮೇಲೆ ಯಾವ ಬಣ್ಣದ ಟಿಕ್ ಇದೆ ಎಂಬುದು ಅಲ್ಲಿ ಗಣನೆಗೇ ಬರುವುದಿಲ್ಲ. ಬ್ಯಾಂಕುಗಳೂ ಇ-ಖಾತೆಯನ್ನು ಹೀಗೇ ನೋಡಬೇಕು: ಸಂಖ್ಯೆ ಹಾಕಿ ಮೂಲದಲ್ಲಿ ನೋಡಲಿ, ಇಲ್ಲವೇ ಪಿಡಿಎಫ್ ಕಡತವನ್ನೇ ತರಿಸಿಕೊಂಡು ತಮ್ಮ ಕಂಪ್ಯೂಟರಿನಲ್ಲಿ ತಾವೇ ಪರೀಕ್ಷಿಸಲಿ. ದೇಶದ ಮೂಲ ಸರ್ಟಿಫಿಕೇಟನ್ನು ಬ್ಯಾಂಕಿನ ಎಲ್ಲ ಕಂಪ್ಯೂಟರುಗಳಿಗೂ ಒಮ್ಮೆ ಸೇರಿಸುವುದು ಅವರ ತಾಂತ್ರಿಕ ವಿಭಾಗಕ್ಕೆ ಒಂದು ಮಧ್ಯಾಹ್ನದ ಕೆಲಸ. ಕೊಪ್ಪಲಿನ ಜನರನ್ನು ಹಸಿರು ಬಣ್ಣ ತರಲು ಅಂಗಡಿಗೆ ಅಟ್ಟುವುದನ್ನು ಅವರು ಬಿಡಬೇಕು.

ಓದುಗರು ಮಾಡಬೇಕಾದದ್ದು ಹೆಚ್ಚೇನಿಲ್ಲ. ಇ-ಖಾತೆ, ಕರಾರು, ಪ್ರಮಾಣಪತ್ರ ಯಾವುದೇ ಇರಲಿ, ಇಳಿಸಿಕೊಂಡ ಮೂಲ ಕಡತವನ್ನು ಎರಡು ಕಡೆ ಜೋಪಾನ ಮಾಡಿ. ಪರದೆಯನ್ನು ನಿಮ್ಮ ಕಡೆ ತಿರುಗಿಸಿಕೊಂಡು ಓದಿದ ಮೇಲೆಯೇ ಒಟಿಪಿ ಹಾಕಿ, ಅದೂ ನಿಮ್ಮ ಕೈಯಾರೆ. ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿ, ಪಡಿತರಕ್ಕೆ ಬೇಕಾದಾಗ ತೆರೆಯಿರಿ. ಡಿಎಸ್‌ಸಿ ಇದ್ದವರು ನಾಳೆಯೇ ಆಡಿಟರ್ ಕಚೇರಿಗೆ ಹೋಗಿ ಡಾಂಗಲ್ ವಾಪಸ್ ಇಸ್ಕೊಂಡು ಪಿನ್ ಬದಲಿಸಿ. ಅದು ಎಲ್ಲಿದೆಯೆಂದೇ ಗೊತ್ತಿಲ್ಲದಿದ್ದರೆ ಸರ್ಟಿಫಿಕೇಟ್ ಕೊಟ್ಟ ಸಂಸ್ಥೆಗೆ ಬರೆದು ರದ್ದು ಮಾಡಿಸಿ. ಕೀ ಕೈತಪ್ಪಿದೆ ಎಂದು ನೀವು ತಿಳಿಸುವವರೆಗೆ ಅದರಿಂದ ಬಿದ್ದ ಪ್ರತಿ ಸಹಿಗೂ ಕಾನೂನಿನ ಲೆಕ್ಕದಲ್ಲಿ ಹೊಣೆಗಾರರು ನೀವೇ.